ಮಾತಿಗೆ ಎರಡು ಅಂಕ

ಭಾನುವಾರ, ತಾ. ೧೭
ಬೆಳಿಗ್ಗೆ ಹತ್ತು ಗಂಟೆ

ನನ್ನ ಮಗಳ ತಂದೆಯವರಿಗೆ,

ನಮಸ್ಕಾರ. ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದೆ. ‘ಮಾನ್ಯ’ ಎಂದು ಬರೆದು ಅದನ್ನೂ ಹೊಡೆದುಹಾಕಿದೆ. ಎರಡು ಹಾಳೆ ದಂಡವಾದ ಮೇಲೆ ಈ ಸಂಬೋಧನೆ ಹೊಳೆಯಿತು. ಇದರಲ್ಲಿ ಸುಳ್ಳಿಲ್ಲವಾದ್ದರಿಂದ ಇದೇ ಇರಲಿ.

ನಿನ್ನೆ ಸಂಜೆ ನಿಮ್ಮ ಡ್ರೈವರ್ ಬಂದಿದ್ದ. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ಲಕೋಟೆ ಕೊಟ್ಟು, "ಸೈನ್ ಹಾಕಿಸ್ಕೊಂಡೇ ಬಾ ಅಂತ ಸಾಹೇಬ್ರು ಹೇಳಿದ್ದಾರೆ ಮೇಡಂ," ಎಂದು ಬಾಗಿಲಲ್ಲೇ ನಿಂತ. ನೀರು ಕೊಟ್ಟು ಬರಿಗೈಯಲ್ಲಿ ಕಳಿಸಿದೆ. ಪಾಪ, ಅವನ ಮೇಲೆ ರೇಗಬೇಡಿ. ರೇಗುವುದಿದ್ದರೆ ನನ್ನ ಮೇಲೆ ರೇಗಿ, ಅದಕ್ಕೆ ಇಬ್ಬರಿಗೂ ಒಳ್ಳೆಯ ಅಭ್ಯಾಸವಿದೆ.

ಲಕೋಟೆಯೊಳಗಿನ ಟೈಪು ಮಾಡಿದ ಹಾಳೆಯನ್ನು ಮೂರು ಸಲ ಓದಿದೆ. "ರೋಗಿಯ ಮಾತೃಭಾಷೆಯಾದ ತಮಿಳನ್ನು ನಾನು ಹುಟ್ಟಿನಿಂದ ಬಲ್ಲವಳಾಗಿದ್ದು, ಆ ವೇಳೆಯಲ್ಲಿ ಪಕ್ಕದ ಮಂಚದ ಬಳಿ ಹಾಜರಿದ್ದೆ. ರೋಗಿಯ ಮಾತು ಆ ಭಾಷೆಯಲ್ಲಿಯೂ ಅರ್ಥವಿಲ್ಲದ ಬಡಬಡಿಕೆಯಾಗಿತ್ತೆಂದು ದೃಢೀಕರಿಸುತ್ತೇನೆ." ಕೆಳಗೆ ನನ್ನ ಸಹಿಗೆ ಚುಕ್ಕಿಗಳ ಸಾಲು. ಆ ರೋಗಿಯ ಸಾವಿನ ವಿಚಾರಣೆಗೆ ಆಸ್ಪತ್ರೆಯ ಸಮಿತಿ ಕೂರುವುದು ಮಂಗಳವಾರ. ನಿಮ್ಮನ್ನು ಇನ್ನೂ ಯಾರೂ ಏನೂ ಕೇಳಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೀವು ಹೆಗಲು ಮುಟ್ಟಿಕೊಂಡದ್ದಲ್ಲದೆ ನನ್ನ ಕೈಯನ್ನೂ ಅಲ್ಲಿಗೆ ಎಳೆಯುತ್ತಿದ್ದೀರಿ.

‘ಹುಟ್ಟಿನಿಂದ ಬಲ್ಲವಳು’ ಎಂಬುದನ್ನು ಓದಿ ಮೊದಲು ನಗು ಬಂತು. ಹತ್ತೊಂಬತ್ತು ವರ್ಷದಲ್ಲಿ ನನ್ನ ತಮಿಳು ನಿಮಗೆ ಬೇಕಾದದ್ದು ಇದೇ ಮೊದಲು. ನಗು ಮುಗಿದ ಮೇಲೆ ಹೊಟ್ಟೆ ಉರಿಯಿತು. ಉರಿಯುವಾಗಲೇ ಈ ಪತ್ರ ಬರೆಯಲು ಕೂತೆ. ಸಮಿತಿಯ ಮುಂದೆ ಹೇಳುವುದನ್ನು ಮೊದಲು ನಿಮ್ಮ ಮುಂದೆ ಹೇಳಿ ಅಭ್ಯಾಸ ಮಾಡಿಕೊಳ್ಳುತ್ತೇನೆ. ನಿಮಗೆ ಗೊತ್ತಿರುವ ಸಂಗತಿಯೇ ಆದರೂ ಒಮ್ಮೆ ನನ್ನ ಕಡೆಯಿಂದ ಕೇಳಿಸಿಕೊಳ್ಳಿ.

ಆ ಮಂಗಳವಾರ ಬೆಳಿಗ್ಗೆ ಕಟ್ಟಡದ ಸಾರುವೆ ಕುಸಿದು ನಾಲ್ವರನ್ನು ಒಟ್ಟಿಗೇ ತಂದರು. ಮನೆ ಬೇರೆಯಾದ ಮೇಲೆ ಪಾಳಿಯೂ ಬೇರೆ ಮಾಡಿಸಿಕೊಂಡಿದ್ದವರು ನಾವು. ಕೈ ಸಾಲದೆ ನನ್ನನ್ನು ಕರೆಸಿದರು, ಎರಡು ವರ್ಷದ ಮೇಲೆ ಒಂದೇ ಕೋಣೆಯಲ್ಲಿ ನಿಂತೆವು. ಒಂದನೇ ಮಂಚದಲ್ಲಿ ಎದೆ ಜಜ್ಜಿದ ಹೆಂಗಸು, ನನ್ನ ಪಾಲಿಗೆ. ಎರಡನೇ ಮಂಚದಲ್ಲಿ ಬಣ್ಣ ಬಳಿಯುವವನು, ನಿಮ್ಮ ಪಾಲಿಗೆ. ಅವನ ಮೊಣಕೈವರೆಗೂ ನೀಲಿ ಬಣ್ಣವಿತ್ತು. ನಡುವೆ ಇದ್ದದ್ದು ಮೂರು ಹೆಜ್ಜೆ, ಒಂದು ಹಸಿರು ಪರದೆ. ಅವನ ಜೊತೆ ಬಂದ ಮೇಸ್ತ್ರಿಯನ್ನು ವಾಚ್‌ಮನ್ ಗೇಟಿನಲ್ಲೇ ನಿಲ್ಲಿಸಿದ್ದ.

ನಮ್ಮಲ್ಲಿ ಅಂಕ ಕೂಗುವ ಪದ್ಧತಿ ತಂದವರು ನೀವೇ. ಕಣ್ಣಿಗೆ ನಾಲ್ಕು, ಮಾತಿಗೆ ಐದು, ಕೈಕಾಲಿಗೆ ಆರು, ಪೂರ್ತಿ ಎಚ್ಚರವಿದ್ದವನಿಗೆ ಹದಿನೈದು. ಡಾಕ್ಟರು ಗಟ್ಟಿಯಾಗಿ ಕೂಗಬೇಕು, ಹಿರಿಯ ಸಿಸ್ಟರ್ ಬೋರ್ಡಿನ ಮೇಲೆ ಬರೆಯಬೇಕು, ಕೋಣೆಯಲ್ಲಿರುವ ಎಲ್ಲರಿಗೂ ಕೇಳಿಸಬೇಕು. ಒಳ್ಳೆಯ ಪದ್ಧತಿ, ಎಷ್ಟೋ ಜೀವ ಉಳಿಸಿದೆ. ಅವತ್ತು ನೀವು ಕೂಗಿದ್ದು ನನಗೂ ಕೇಳಿಸಿತು. ಕಣ್ಣು ನಾಲ್ಕು, ಮಾತು ಎರಡು, ಕೈ ಐದು. ಎರಡು ಎಂದರೆ ಪದವಲ್ಲ, ಬರೀ ಸದ್ದು. ದನ ನರಳಿದರೂ ಎರಡೇ ಅಂಕ. ಕೈ ಎತ್ತು ಎಂದಿರಿ, ಅವನು ಎತ್ತಲಿಲ್ಲ, ಅಲ್ಲೂ ಒಂದಂಕ ಹೋಯಿತು. ವಾರದ ಹಿಂದೆ ಈ ಊರಿಗೆ ಬಂದವನಿಗೆ ನೀವು ಏನು ಹೇಳಿದಿರಿ ಎಂದು ಗೊತ್ತಾದರೆ ತಾನೇ ಎತ್ತುವುದು?

ಆಮೇಲಿನದು ಕೇಸ್ ಷೀಟಿನಲ್ಲಿದೆ. ಏಳಲು ನೋಡುತ್ತಾನೆ, ಗಲಾಟೆ ಮಾಡುತ್ತಾನೆ, ತಲೆಗೆ ಪೆಟ್ಟು ಬಿದ್ದಿದೆ ಎಂದು ತೀರ್ಮಾನಿಸಿದಿರಿ. ಹೊಟ್ಟೆ ನೋಡುವ ಯಂತ್ರ ನನ್ನ ಮಂಚದ ಬಳಿ ಇತ್ತು, ಅದಕ್ಕೆ ಕಾಯಲಿಲ್ಲ. ಮಲಗಿಸಲು ಔಷಧ ಕೊಟ್ಟು ತಲೆಯ ಸ್ಕ್ಯಾನಿಗೆ ಕಳಿಸಿದಿರಿ. ಸ್ಕ್ಯಾನ್ ಕೋಣೆಯಿಂದ ಓಡಿ ಬನ್ನಿ ಎಂಬ ಕೂಗು ಬಂದಾಗ ನಾನು ಆ ಹೆಂಗಸಿನ ಎದೆಗೆ ಹಾಕಿದ್ದ ಕೊಳವೆಗೆ ಕೊನೆಯ ಹೊಲಿಗೆ ಹಾಕುತ್ತಿದ್ದೆ. ಹೊಟ್ಟೆ ತೆರೆದಾಗ ನೀವೂ ಇದ್ದಿರಿ, ನಾನೂ ಇದ್ದೆ. ಎಡ ಪಕ್ಕೆಯ ಒಳಗಿನ ಗುಲ್ಮ ಎರಡು ಹೋಳಾಗಿತ್ತು, ಹೊಟ್ಟೆ ತುಂಬ ರಕ್ತ. ತಲೆಯ ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಹನ್ನೆರಡೂ ಕಾಲಿಗೆ ಅವನು ಮೇಜಿನ ಮೇಲೆಯೇ ತೀರಿಕೊಂಡ.

ಈಗ ನನ್ನ ಪಾಲಿನದು. ಪರದೆಯ ಆಚೆಯಿಂದ ಅವನು ಮಾತಾಡಿದ್ದು ನನಗೆ ಕೇಳಿಸಿತು. ಗದ್ದಲವಿತ್ತು, ಯಂತ್ರಗಳು ಕೂಗುತ್ತಿದ್ದವು, ಸ್ಪಷ್ಟವಾಗಿ ಕಿವಿಗೆ ಬಿದ್ದದ್ದು ಎರಡೇ ಸಂಗತಿ. ಎಡ ಭುಜ ನೋಯುತ್ತದೆ ಎಂದ, ನೀರು ಎಂದ. ಬಿದ್ದವನಿಗೆ ಎಡ ಭುಜ ನೋಯುತ್ತದೆ, ಭುಜದಲ್ಲಿ ಗಾಯವಿಲ್ಲ ಎಂದರೆ ಗುಲ್ಮ ನೋಡಬೇಕೆಂದು ಪರೀಕ್ಷೆಯಲ್ಲಿ ಫೇಲಾದ ವಿದ್ಯಾರ್ಥಿಯೂ ಹೇಳುತ್ತಾನೆ. ಒಂದು ಮಾತು ಕೂಗಿದ್ದರೆ ಸಾಕಿತ್ತು. ನನ್ನ ಬೆರಳು ಆ ಹೆಂಗಸಿನ ಪಕ್ಕೆಲುಬಿನ ನಡುವೆ ಇತ್ತು ನಿಜ, ಆದರೆ ಬಾಯಿ ಖಾಲಿಯಿತ್ತು. ನಾನು ಕೂಗಲಿಲ್ಲ. ಈ ಹೊಲಿಗೆ ಮುಗಿಸಿ ಹೋಗಿ ನೋಡಿದರಾಯಿತು ಎಂದುಕೊಂಡೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ಹೋದರೆ ಏನು ಹೋಗುತ್ತದೆ ಎಂದು ನನಗೆ ಅವತ್ತು ಗೊತ್ತಾಯಿತು.

ಯಾಕೆ ಸುಮ್ಮನಿದ್ದೆ ಎಂದು ಸಮಿತಿಯವರು ಕೇಳಿಯೇ ಕೇಳುತ್ತಾರೆ. ಎರಡು ವರ್ಷದಿಂದ ನನ್ನ ಕಿವಿಗೆ ಆ ಭಾಷೆ ಬಿದ್ದಿರಲಿಲ್ಲ. ಬಿದ್ದ ಕೂಡಲೇ ಮರುಕ ಹುಟ್ಟಿತು ಎಂದರೆ ಸುಳ್ಳಾಗುತ್ತದೆ. ಹುಟ್ಟಿದ್ದು ಹೆದರಿಕೆ. ಈಗ ಎಲ್ಲರೂ ತಿರುಗಿ ನನ್ನನ್ನು ನೋಡುತ್ತಾರೆ ಎಂಬ ಹೆದರಿಕೆ. ಯಾರೂ ನೋಡಲಿಲ್ಲ, ಹಿರಿಯ ಸಿಸ್ಟರ್ ಒಬ್ಬಳನ್ನು ಬಿಟ್ಟು. ಅವಳಿಗೆ ನಾನು ಹೊಸಬಳಾಗಿ ಬಂದ ದಿನದಿಂದ ನನ್ನ ಪರಿಚಯ. ಬೋರ್ಡಿನ ಮೇಲೆ ಎರಡು ಎಂದು ಬರೆಯುವ ಮೊದಲು ಪರದೆಯ ಸಂದಿನಿಂದ ಒಮ್ಮೆ ನನ್ನ ಮುಖ ನೋಡಿದಳು. ನಾನು ದಾರ ಕತ್ತರಿಸಲು ತಲೆ ತಗ್ಗಿಸಿದೆ.

ನಾನು ಬಂದ ವರ್ಷ ನಿಮಗೆ ನೆನಪಿದೆಯೆ? ಊರಿನಲ್ಲಿ ಭಾಷೆಯ ಜಗಳ ಕಾವೇರಿದ್ದ ವಾರ. ತಲೆಯೊಡೆದ ತಮ್ಮನನ್ನು ಕರೆತಂದವನೊಬ್ಬ ನನ್ನ ಉಚ್ಚಾರ ಕೇಳಿ, "ಈ ಹೆಂಗಸು ನಮ್ಮ ಹುಡುಗನ್ನ ಮುಟ್ಟಬಾರದು," ಎಂದು ಕೂಗಾಡಿದ. ಆಗ ನೀವು ನನ್ನ ಮುಂದೆ ಬಂದು ನಿಂತಿರಿ. "ಇವರು ನಮ್ಮೋರೇ, ಸುಮ್ನಿರಿ," ಎಂದಿರಿ. ಆ ಮಾತಿಗೆ ನಾನು ಸೋತೆ, ವರ್ಷದೊಳಗೆ ನಿಮ್ಮನ್ನು ಮದುವೆಯಾದೆ. ನಮ್ಮೋರೇ ಎಂದು ನೀವು ಹೇಳಿದ್ದು ನನ್ನನ್ನು ಉಳಿಸಲು, ಅದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ. ಆಮೇಲೆ ಅದನ್ನು ನಿಜ ಮಾಡಲು ಹತ್ತೊಂಬತ್ತು ವರ್ಷ ದುಡಿದದ್ದು ಮಾತ್ರ ನಾನು.

ಕಾಯಂ ಆಗುವಾಗ ನನ್ನ ಅರ್ಜಿ ತುಂಬಿಕೊಟ್ಟವರು ನೀವು. ಮೊನ್ನೆ ನನ್ನ ಮಾತೃಭಾಷೆ ತಮಿಳು ಎಂದು ಹೇಳಿದಾಗ ಸಮಿತಿಯ ಗುಮಾಸ್ತ ನನ್ನ ಕಡತ ತೆಗೆದು ತೋರಿಸಿದ. ಮಾತೃಭಾಷೆ ಎಂಬ ಕಡೆ ನಿಮ್ಮ ಕೈಬರಹದಲ್ಲಿ ನಿಮ್ಮ ಭಾಷೆಯ ಹೆಸರಿದೆ. ಬಲ್ಲ ಇತರ ಭಾಷೆಗಳು ಎಂಬ ಕಡೆ ಇಂಗ್ಲಿಷ್ ಎಂದಿದೆ. "ಸುಮ್ನೆ ಯಾಕೆ ತೊಂದರೆ, ಬಿಡು," ಎಂದಿದ್ದಿರಿ ಅವತ್ತು, ನಾನೂ ಬಿಟ್ಟೆ. ಈಗ ಆ ಹಾಳೆ ಒಂದು ಕೈಯಲ್ಲಿ, ನೀವು ಕಳಿಸಿದ ಹಾಳೆ ಇನ್ನೊಂದು ಕೈಯಲ್ಲಿ ಹಿಡಿದು ಸಮಿತಿಯವರು ಯಾವುದನ್ನು ನಂಬಬೇಕು ಹೇಳಿ. ಗುಮಾಸ್ತನಂತೂ, "ಮೇಡಂ, ನೀವು ತಮಿಳರಾ? ಗೊತ್ತೇ ಆಗಲ್ಲ ನೋಡಿ!" ಎಂದು ಮೆಚ್ಚಿಕೊಂಡ. ಆ ಮೆಚ್ಚುಗೆಗೆ ಎಷ್ಟು ವರ್ಷ ಹಿಗ್ಗಿದ್ದೇನೆ ಎಂದು ನೆನೆದರೆ ನಾಚಿಕೆಯಾಗುತ್ತದೆ.

ಎಲ್ಲ ತಪ್ಪನ್ನೂ ನಿಮ್ಮ ತಲೆಗೇ ಕಟ್ಟುವುದಿಲ್ಲ. ನಮ್ಮಮ್ಮ ಒಮ್ಮೆ ನನ್ನನ್ನು ನೋಡಲು ನೇರವಾಗಿ ಆಸ್ಪತ್ರೆಗೇ ಬಂದುಬಿಟ್ಟಳು. ಉದ್ದನೆಯ ಕಾರಿಡಾರಿನ ಆ ತುದಿಯಿಂದಲೇ ಮನೆಯಲ್ಲಿ ಕರೆಯುವ ಹೆಸರು ಹಿಡಿದು ಕೂಗಿದಳು, ಊಟ ಮಾಡಿದೆಯಾ, ಎಷ್ಟು ಇಳಿದುಹೋಗಿದ್ದೀಯಾ ಎಂದು ತಮಿಳಿನಲ್ಲಿ ಶುರುಮಾಡಿದಳು. ನನ್ನ ಹಿಂದೆ ಐದು ಜನ ಕಿರಿಯ ಡಾಕ್ಟರುಗಳಿದ್ದರು. ನಾನು ನಿಮ್ಮ ಭಾಷೆಯಲ್ಲಿ, "ಹೊರಗಡೆ ಕೂತಿರಿ, ಬರ್ತೀನಿ," ಎಂದೆ. ಹೆತ್ತ ತಾಯಿಗೆ ‘ಕೂತಿರಿ’ ಎಂದ ಮಗಳು ನಾನು. ಅವಳಿಗೆ ಆ ಮಾತು ಬರುತ್ತಿರಲಿಲ್ಲ, ಆದರೆ ಅರ್ಥವಾಯಿತು. ಬೆಂಚಿನ ಮೇಲೆ ಎರಡು ಗಂಟೆ ಕೂತು ತಂದಿದ್ದ ಡಬ್ಬಿಯನ್ನು ವಾಚ್‌ಮನ್ ಕೈಗೆ ಕೊಟ್ಟು ಬಸ್ಸು ಹತ್ತಿದಳು. ಮತ್ತೆ ಯಾವತ್ತೂ ಬರಲಿಲ್ಲ. ಅವತ್ತು ನೀವು ರಜೆಯಲ್ಲಿದ್ದಿರಿ, ನನ್ನನ್ನು ಯಾರೂ ಒತ್ತಾಯ ಮಾಡಿರಲಿಲ್ಲ.

ಅದೇ ತಿಂಗಳು ನಾನು ವಿದ್ಯಾರ್ಥಿಗಳ ಮುಂದೆ ನಿಂತು ಗಾಯಕ್ಕೆ ಭಾಷೆಯಿಲ್ಲ ಎಂದು ಭಾಷಣ ಮಾಡಿದೆ. ಮುರಿದ ಮೂಳೆ ಯಾವ ಊರಿನದೆಂದು ಕೇಳಬೇಡಿ, ರಕ್ತ ಎಲ್ಲರದೂ ಒಂದೇ ಬಣ್ಣ ಎಂದೆ. ಚಪ್ಪಾಳೆ ಬಿತ್ತು, ಮೊದಲ ಸಾಲಿನಲ್ಲಿ ಕೂತಿದ್ದ ನೀವೂ ತಟ್ಟಿದಿರಿ. ಈ ಕೆಲಸಕ್ಕೆ ನಾನು ಒಲಿದದ್ದೇ ಅದಕ್ಕೆ. ಇಲ್ಲಿ ಬರುವವರು ಮಾತಾಡುವ ಸ್ಥಿತಿಯಲ್ಲಿ ಇರುವುದಿಲ್ಲ, ನಾನೂ ಮಾತಾಡಬೇಕಿಲ್ಲ, ಕೈ ಕೆಲಸ ಮಾಡಿದರೆ ಸಾಕು ಎಂದುಕೊಂಡಿದ್ದೆ. ಗಾಯಕ್ಕೆ ಭಾಷೆಯಿಲ್ಲದಿರಬಹುದು, ಗಾಯವಾದವನಿಗೆ ಇರುತ್ತದೆ. ಇಷ್ಟು ಸಣ್ಣ ವಿಷಯ ತಿಳಿಯಲು ನನಗೆ ಒಬ್ಬ ಬಣ್ಣದವನು ಸಾಯಬೇಕಾಯಿತು.

ನಾನು ಮನೆ ಬಿಟ್ಟದ್ದು ಯಾಕೆಂದು ನೀವು ಊರಿಗೆಲ್ಲ ಹೇಳಿಕೊಂಡು ಬಂದಿದ್ದೀರಿ. ಕೆಲಸದ ಒತ್ತಡ, ಅವಳಿಗೆ ಸಿಟ್ಟು ಜಾಸ್ತಿ, ಅಮ್ಮ ಹೋದ ಮೇಲೆ ಮನಸ್ಸು ಸರಿಯಿಲ್ಲ ಎಂದು. ನಿಜವಾದ ಕಾರಣ ಒಂದು ಕಿಟಕಿ. ಅಮ್ಮ ತೀರಿಕೊಂಡ ಸುದ್ದಿ ಬಂದಾಗ ಮಧ್ಯಾಹ್ನ ಮೂರು ಗಂಟೆ. ನಾನು ಊಟದ ಮನೆಯ ನೆಲದ ಮೇಲೆ ಕೂತು ಬಾಯಿಗೆ ಬಂದ ಹಾಗೆ ಅತ್ತೆ. ಬಾಯಿಗೆ ಬಂದದ್ದು ತಮಿಳು, ಅಳುವಾಗ ಯಾರೂ ಅನುವಾದ ಮಾಡಿಕೊಂಡು ಅಳುವುದಿಲ್ಲ. ನೀವು ಎದ್ದು ಬಂದಿರಿ. ನನ್ನ ಪಕ್ಕ ಕೂರಲು ಬಂದಿರಿ ಎಂದುಕೊಂಡೆ. ನನ್ನನ್ನು ದಾಟಿ ಹೋಗಿ ರಸ್ತೆಯ ಕಡೆಯ ಕಿಟಕಿ ಮುಚ್ಚಿದಿರಿ. ಆಮೇಲೆ ಕೇಳಿದಾಗ ಗಾಳಿ ಎಂದಿರಿ. ಅವತ್ತು ಎಲೆ ಅಲ್ಲಾಡುವಷ್ಟೂ ಗಾಳಿ ಇರಲಿಲ್ಲ.

ನಿಮ್ಮ ಲಕೋಟೆಯಲ್ಲಿ ಚೀಟಿಯೂ ಇತ್ತು, ಮಗಳ ಮುಖ ನೋಡಿಯಾದರೂ ಸಹಿ ಮಾಡು ಎಂದು. ಅವಳೂ ನಿನ್ನೆ ರಾತ್ರಿ ಫೋನ್ ಮಾಡಿದ್ದಳು. ನೀವು ಹೇಳಿಕೊಟ್ಟಿರಿ ಎನ್ನುವುದಿಲ್ಲ, ಅವಳಿಗೆ ಅಪ್ಪನ ಮೇಲೆ ಪ್ರಾಣ. "ಅಮ್ಮಾ, ಅಪ್ಪಂಗೆ ಹೀಗೆ ಮಾಡ್ಬೇಡ. ಅವರೊಬ್ರೇ ತಪ್ಪು ಮಾಡಿದ್ರಾ ಅಲ್ಲಿ?" ಎಂದು ಅತ್ತಳು. ಏನೂ ಗೊತ್ತಿಲ್ಲದೆ ಕೇಳಿದ ಪ್ರಶ್ನೆ, ಆದರೆ ನೇರ ಬಂದು ನನಗೇ ತಗುಲಿತು. ಇಲ್ಲ ಮಗಳೇ, ಒಬ್ಬರೇ ಅಲ್ಲ ಎಂದೆ. ಅವಳು ನನ್ನ ಮಾತನ್ನು ಒಪ್ಪಿಗೆ ಎಂದುಕೊಂಡು ಸಮಾಧಾನದಿಂದ ಫೋನ್ ಇಟ್ಟಳು. ಅವಳಿಗೆ ನನ್ನ ಭಾಷೆಯ ಒಂದು ಪದವನ್ನೂ ಕಲಿಸದವಳು ನಾನು. ಅಜ್ಜಿ ಮೊಮ್ಮಗಳು ಫೋನಿನಲ್ಲಿ ಒಬ್ಬರ ಉಸಿರು ಇನ್ನೊಬ್ಬರು ಕೇಳಿಸಿಕೊಂಡು ಇಟ್ಟುಬಿಡುತ್ತಿದ್ದರು.

ನೀವು ಕೆಟ್ಟ ಡಾಕ್ಟರಲ್ಲ. ಇದನ್ನು ಸಮಿತಿಗೂ ಹೇಳುತ್ತೇನೆ. ನಿಮ್ಮ ಕೈಯಲ್ಲಿ ಬದುಕಿ ನಡೆದುಕೊಂಡು ಮನೆಗೆ ಹೋದವರನ್ನು ನೂರಾರು ನೋಡಿದ್ದೇನೆ, ನೀವು ಕಲಿಸಿದ ಹೊಲಿಗೆಯನ್ನೇ ಇವತ್ತಿಗೂ ಹಾಕುತ್ತೇನೆ. ಅವತ್ತು ನಿಮಗೆ ಗೊತ್ತಿಲ್ಲದ ಭಾಷೆಯನ್ನು ಭಾಷೆಯೇ ಅಲ್ಲ ಎಂದುಕೊಂಡಿರಿ. ಅವಸರದಲ್ಲಿ ಆದದ್ದು. ಅದನ್ನು ತಪ್ಪಾಯಿತು ಎಂದು ಒಪ್ಪಿಕೊಂಡಿದ್ದರೆ ನಾನು ನಿಮ್ಮ ಪಕ್ಕದಲ್ಲೇ ನಿಲ್ಲುತ್ತಿದ್ದೆ, ಜಗಳವನ್ನೆಲ್ಲ ಪಕ್ಕಕ್ಕಿಟ್ಟು. ಆದರೆ ಸತ್ತವನ ಮಾತು ಬಡಬಡಿಕೆ ಎಂದು ನನ್ನ ಬಾಯಿಂದಲೇ ಹೇಳಿಸಲು ಹೊರಟಿದ್ದೀರಿ. ಅದು ಅವಸರವಲ್ಲ, ನಿಧಾನವಾಗಿ ಕೂತು ಟೈಪು ಮಾಡಿಸಿದ್ದು.

ಸಹಿ ಮಾಡುವುದಿಲ್ಲ. ಮಂಗಳವಾರ ಹನ್ನೊಂದು ಗಂಟೆಗೆ ಸಮಿತಿಯ ಮುಂದೆ ನನ್ನದೇ ಹೇಳಿಕೆ ಕೊಡುತ್ತೇನೆ. ಅವನು ಸರಿಯಾಗಿ ಮಾತಾಡುತ್ತಿದ್ದ, ಅವನಿಗೆ ಮಾತಿನಲ್ಲಿ ಐದಕ್ಕೆ ಐದು ಸಿಗಬೇಕಿತ್ತು, ಅದು ಕೋಣೆಯಲ್ಲಿ ಒಬ್ಬಳಿಗೆ ಗೊತ್ತಿತ್ತು, ಅವಳು ಸುಮ್ಮನಿದ್ದಳು ಎಂದು ಹೇಳುತ್ತೇನೆ. ನಿಮ್ಮ ಹುದ್ದೆ ಹೋಗಬಹುದು, ನನ್ನ ಕೆಲಸವೂ ಹೋಗಬಹುದು. ಮಗಳು ಇಬ್ಬರನ್ನೂ ಬೈಯಬಹುದು. ಅವಳ ಮುಖ ನೋಡಿಯೇ ಇದನ್ನು ಮಾಡುತ್ತಿದ್ದೇನೆ ಎಂದರೆ ನಿಮಗೆ ನಂಬಿಕೆ ಬರಲಿಕ್ಕಿಲ್ಲ.

ನಿಮ್ಮ ಹಾಳೆಯನ್ನು ಇದರ ಜೊತೆಗೇ ಮಡಚಿ ಇಟ್ಟಿದ್ದೇನೆ. ಚುಕ್ಕಿಗಳ ಸಾಲು ಖಾಲಿಯಿದೆ, ನೋಡಿಕೊಳ್ಳಿ. ಇಷ್ಟುದ್ದದ ಪತ್ರವನ್ನೂ ನಿಮ್ಮ ಭಾಷೆಯಲ್ಲೇ ಬರೆದೆ. ಬೈಯುವುದಕ್ಕೂ ಈಗ ನನಗೆ ಇದೇ ಸಲೀಸಾಗಿ ಬರುತ್ತದೆ. ರಕ್ತದೊತ್ತಡದ ಮಾತ್ರೆ ಮರೆಯಬೇಡಿ.

ಇಂತಿ,
ಒಂದನೇ ಮಂಚದ ಡಾಕ್ಟರ್

ಮರೆತ ಮಾತು: ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ಲಕೋಟೆ ಅಂಟಿಸಿದವಳು ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಗದ್ದಲದಲ್ಲಿ ಎರಡೇ ಸಂಗತಿ ಕೇಳಿಸಿತು ಎಂದು ಮೇಲೆ ಬರೆದದ್ದು ಸುಳ್ಳು. ನನಗೆ ಎಲ್ಲವೂ ಕೇಳಿಸಿತು. ತಲೆಗೆ ಏನೂ ಆಗಿಲ್ಲ ಎಂದ. ಮಲಗಿದರೆ ಭುಜಕ್ಕೆ ಎಳೆಯುತ್ತದೆ, ಕೂರಲು ಬಿಡಿ ಎಂದ. ಅದಕ್ಕೇ ಏಳಲು ನೋಡುತ್ತಿದ್ದ. ಆಮೇಲೆ ಹೆಂಡತಿಗೆ ಹೇಳಿ ಎಂದು ಅವಳ ಫೋನ್ ನಂಬರ್ ಹೇಳಿದ, ಮೂರು ಸಲ, ಚಿಕ್ಕ ಮಕ್ಕಳಿಗೆ ಉಕ್ತಲೇಖನ ಕೊಡುವ ಹಾಗೆ ಬಿಡಿಸಿ ಬಿಡಿಸಿ. ಯಾರೂ ಬರೆದುಕೊಳ್ಳಲಿಲ್ಲ. ಹೊಲಿಗೆ ಮುಗಿದ ಮೇಲೆ ನಾನು ಕೈಗವಸಿನ ಕವರಿನ ಹಿಂದೆ ಬರೆದುಕೊಂಡೆ. ಅದು ಇನ್ನೂ ನನ್ನ ಪರ್ಸಿನಲ್ಲಿದೆ, ಮಂಗಳವಾರ ಸಮಿತಿಗೆ ಕೊಡುತ್ತೇನೆ.

ಅವನು ಸತ್ತ ಒಂಬತ್ತನೇ ದಿನ ಆ ನಂಬರಿಗೆ ಫೋನ್ ಮಾಡಿದೆ. ಒಂದಂಕಿಯೂ ತಪ್ಪಿರಲಿಲ್ಲ, ಅವಳೇ ಎತ್ತಿದಳು. ಆಸ್ಪತ್ರೆಯಿಂದ ಎಂದೆ, ತಮಿಳಿನಲ್ಲಿ. ಅವಳು ಅಳಲಿಲ್ಲ. ಅವರು ಕೊನೆಯಲ್ಲಿ ಏನಾದರೂ ಹೇಳಿದರಾ ಎಂದು ಕೇಳಿದಳು. ನಾನು ಆ ಕವರನ್ನು ಮಡಚಿ ಪರ್ಸಿಗೆ ತುರುಕಿದೆ. ಅಲ್ಲಿ ನಮ್ಮ ಮಾತು ಬರುವವರು ಒಬ್ಬರೂ ಇರಲಿಲ್ಲವಾ ಎಂದು ಕೇಳಿದಳು. ಇರಲಿಲ್ಲ ಎಂದೆ. ಅದನ್ನೂ ತಮಿಳಿನಲ್ಲೇ ಹೇಳಿದೆ. ಹಾಗಾದ್ರೆ ನೀವ್ಯಾರಕ್ಕ ಎಂದು ಕೇಳಿದಳು.

ನಾನು ಫೋನ್ ಇಟ್ಟುಬಿಟ್ಟೆ. ಮೇಸ್ತ್ರಿಯಿಂದ ವಿಳಾಸ ತಿಳಿದುಕೊಂಡಿದ್ದೇನೆ, ನಾಳೆ ಅವಳ ಮನೆಗೆ ಹೋಗಿ ಉತ್ತರ ಹೇಳಿ ಬರುತ್ತೇನೆ. ಸಮಿತಿಯವರಿಗೆ ಆಮೇಲೆ.